ಸಂರಕ್ಷಿತ ಓಕ್ ಮರದ ಕೊಂಬೆ ಸವರಲು ಕೌನ್ಸಿಲ್ ಅನುಮತಿ ನಿರಾಕರಿಸಿದೆ: ಮೇಲ್ಮನವಿಯೋ, ಹೊಸ ಅರ್ಜಿಯೋ?

ಪ್ರಶ್ನೆ: ಕೊಪ್ಪದ ಕಡೆಯವನು

ಎಲ್ಲರಿಗೂ ನಮಸ್ಕಾರ. ದಕ್ಷಿಣ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ಆರು ವರ್ಷಗಳ ಹಿಂದೆ ನಾವು ಕೊಂಡ ಮನೆಯ ಹಿತ್ತಲಿನಲ್ಲಿ ಒಂದು ಹಳೆಯ ಓಕ್ ಮರವಿದೆ. ಅದು ಸುಮಾರು 18 ಮೀಟರ್ ಎತ್ತರವಿದ್ದು, ಬುಡಕ್ಕೂ ಮನೆಯ ಹಿಂಗೋಡೆಗೂ ನಡುವೆ ಒಂಬತ್ತು ಮೀಟರ್ ಅಂತರವಿದೆ. ಮರದ ಮೇಲೆ ಟ್ರೀ ಪ್ರಿಸರ್ವೇಶನ್ ಆರ್ಡರ್, ಅಂದರೆ ಇಲ್ಲಿನವರು ಟಿಪಿಒ ಎಂದು ಕರೆಯುವ ಸಂರಕ್ಷಣಾ ಆದೇಶ ಇದೆಯೆಂಬುದು ಮನೆ ಕೊಳ್ಳುವಾಗಲೇ ನಮಗೆ ಗೊತ್ತಿತ್ತು. ಮರ ನಮಗೂ ಇಷ್ಟವೇ. ಅದನ್ನು ಕಡಿಸಬೇಕೆಂದು ನಾವು ಒಂದು ದಿನವೂ ಯೋಚಿಸಿದವರಲ್ಲ.

ಕಳೆದ ಚಳಿಗಾಲದ ಒಂದು ಬಿರುಗಾಳಿಯ ರಾತ್ರಿ ತೋಳಿನ ಗಾತ್ರದ ಕೊಂಬೆಯೊಂದು ಮುರಿದು ಹಿತ್ತಲಿನ ಶೆಡ್ಡಿನ ಚಾವಣಿಯ ಮೇಲೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ, ಮುರಿದ ಜಾಗದಲ್ಲಿ ಮರ ಕಾಫಿ ಗಸಿಯ ಬಣ್ಣಕ್ಕೆ ತಿರುಗಿತ್ತು ಮತ್ತು ಬೆರಳಿನಿಂದ ಒತ್ತಿದರೆ ಸಣ್ಣ ಸಣ್ಣ ಚೌಕಗಳಾಗಿ ಪುಡಿಯಾಗುತ್ತಿತ್ತು. ಅದಕ್ಕೂ ಹಿಂದಿನ ಸೆಪ್ಟೆಂಬರಿನಲ್ಲಿ ಕಾಂಡದ ಬುಡದಲ್ಲಿ ನಾಲಗೆಯಂತೆ ಹೊರಚಾಚಿದ, ಕೆಂಪು ರಸ ಒಸರುವ ಒಂದು ಅಣಬೆ ಎದ್ದಿತ್ತು. ಆಗ ಅದರ ಬಗ್ಗೆ ಹೆಚ್ಚು ಯೋಚಿಸದೆ ಫೋಟೋ ತೆಗೆದು ಅಮ್ಮನಿಗೆ ಕಳುಹಿಸಿ ಸುಮ್ಮನಾಗಿದ್ದೆ. ಈಗ ಅದೇ ಮರದ ಒಂದು ದೊಡ್ಡ ಕೊಂಬೆ ನನ್ನ ಮಗಳು ಆಡುವ ಜಾಗದ ಮೇಲೆಯೇ ಚಾಚಿಕೊಂಡಿರುವುದರಿಂದ, ಗಾಳಿ ಬೀಸುವ ದಿನ ಅವಳನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದ್ದೇವೆ.

ನಾನೇ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅರ್ಜಿ ಹಾಕಿದೆ. ಮರದ ಹರವನ್ನು ಶೇಕಡಾ 30ರಷ್ಟು ತಗ್ಗಿಸಲು ಅನುಮತಿ ಬೇಕೆಂದು ಬರೆದು, ಕಾರಣಗಳ ಜಾಗದಲ್ಲಿ ಎಲೆ ಉದುರಿ ಚಾವಣಿಯ ನೀರುದೋಣಿ ಕಟ್ಟಿಕೊಳ್ಳುವುದು, ಅಡುಗೆಮನೆಗೆ ಬೆಳಕು ಬಾರದಿರುವುದು ಮತ್ತು ಕೊಂಬೆ ಬೀಳುವ ಭಯ, ಈ ಮೂರನ್ನು ನಮೂದಿಸಿದೆ. ಏಳು ವಾರ ಕಳೆದ ಮೇಲೆ ಬಂದ ಪತ್ರದಲ್ಲಿ ಎರಡೇ ವಾಕ್ಯಗಳ ಕಾರಣ ಕೊಟ್ಟು ಅನುಮತಿಯನ್ನು ನಿರಾಕರಿಸಿದ್ದಾರೆ: ಪ್ರಸ್ತಾವಿತ ಕೆಲಸದಿಂದ ಸಾರ್ವಜನಿಕ ನೋಟಕ್ಕೆ ಹಾನಿಯಾಗುತ್ತದೆಯಂತೆ, ಮತ್ತು ಅದಕ್ಕೆ ಸಾಕಷ್ಟು ಸಮರ್ಥನೆ ಇಲ್ಲವಂತೆ. ಅಧಿಕಾರಿ ಬಂದು ಮರವನ್ನು ನೋಡಿದರೋ ಇಲ್ಲವೋ ನಮಗೆ ತಿಳಿಯದು. ಫೋನ್ ಮಾಡಿದರೆ ಇಮೇಲ್ ಕಳುಹಿಸಿ ಎನ್ನುತ್ತಾರೆ. ಕಳುಹಿಸಿದ ಎರಡು ಇಮೇಲ್‌ಗಳಿಗೂ ಉತ್ತರವಿಲ್ಲ.

ನಾನು ಕಾಫಿ ತೋಟದಲ್ಲಿ ಬೆಳೆದವನು. ಮುಂಗಾರಿಗೆ ಮುಂಚೆ ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ, ಮಾಡಿಸದ ವರ್ಷ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಸಿಲ್ವರ್ ಓಕ್‌ಗಳನ್ನು ಯಾರನ್ನೂ ಕೇಳದೆ ತುದಿಯ ತನಕ ಸವರಿದರೂ ಅವು ಮರುವರ್ಷ ಚಿಗುರಿ ನಿಲ್ಲುತ್ತಿದ್ದವು. ಹಾಗಿರುವಾಗ, ಇಷ್ಟು ದೊಡ್ಡ ಮರಕ್ಕೆ ಮೂರನೆಯ ಒಂದು ಭಾಗ ಸವರಿದರೆ ಏನಾಗುತ್ತದೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಮೇಲ್ಮನವಿಗೆ ಇರುವ 28 ದಿನಗಳಲ್ಲಿ ಹನ್ನೆರಡು ಮಾತ್ರ ಉಳಿದಿವೆ. ಮೇಲ್ಮನವಿ ಹೋಗಲೇ, ಹೊಸ ಅರ್ಜಿ ಹಾಕಲೇ? ಈ ನಡುವೆ ಕೊಂಬೆ ಬಿದ್ದು ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು? ತಮ್ಮ ಕಡೆಗೆ ಚಾಚಿರುವ ಕೊಂಬೆಗಳನ್ನು ಕತ್ತರಿಸುವ ಹಕ್ಕು ತಮಗಿದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಅದು ನಿಜವೇ?

ಉತ್ತರ: ಹಗ್ಗ ಮತ್ತು ಗರಗಸ

ನಮಸ್ಕಾರ. ನಾನು ಇಲ್ಲಿ ಮರ ಹತ್ತಿ ಕೊಂಬೆ ಸವರುವ ಕೆಲಸವನ್ನೂ, ಈಚೆಗೆ ಮರಗಳ ಸ್ಥಿತಿಯ ಬಗ್ಗೆ ವರದಿ ಬರೆಯುವ ಕೆಲಸವನ್ನೂ ಮಾಡುತ್ತಿದ್ದೇನೆ. ನಿಮ್ಮ ಆತಂಕ ನ್ಯಾಯವಾದದ್ದು. ಕೌನ್ಸಿಲ್ ನಿಮ್ಮ ಇಮೇಲ್‌ಗಳಿಗೆ ಉತ್ತರಿಸದಿರುವುದು ತಪ್ಪು. ಆದರೂ ನೀವು ಕಳುಹಿಸಿದ ಅರ್ಜಿಗೆ ನಿರಾಕರಣೆಯಲ್ಲದೆ ಬೇರೆ ಉತ್ತರ ಬರುವುದು ಕಷ್ಟವಿತ್ತು ಎಂಬುದನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ನಿಮ್ಮ ಮುಂದಿನ ಹೆಜ್ಜೆ ಅದರ ಮೇಲೆಯೇ ನಿಂತಿದೆ.

ಟಿಪಿಒ ಎಂಬುದು 1990ರ ಟೌನ್ ಅಂಡ್ ಕಂಟ್ರಿ ಪ್ಲ್ಯಾನಿಂಗ್ ಆಕ್ಟ್ ಅಡಿಯಲ್ಲಿ ಬರುವ ಆದೇಶ. ಅರ್ಜಿ, ತೀರ್ಮಾನ ಮತ್ತು ಮೇಲ್ಮನವಿಗಳ ವಿವರವೆಲ್ಲ ಇಂಗ್ಲೆಂಡಿಗೆ ಸಂಬಂಧಿಸಿದ 2012ರ ನಿಯಮಗಳಲ್ಲಿದೆ. ಕೌನ್ಸಿಲ್ ತೂಗಿ ನೋಡುವುದು ಎರಡು ಸಂಗತಿಗಳನ್ನು: ಈ ಕೆಲಸದಿಂದ ಮರವು ಸುತ್ತಲಿನ ಜನರಿಗೆ ಕೊಡುವ ನೋಟ ಮತ್ತು ನೆಮ್ಮದಿಗೆ ಎಷ್ಟು ಧಕ್ಕೆಯಾಗುತ್ತದೆ, ಮತ್ತು ಅರ್ಜಿದಾರರು ಕೊಟ್ಟ ಕಾರಣ ಆ ಧಕ್ಕೆಯನ್ನು ಒಪ್ಪಿಕೊಳ್ಳುವಷ್ಟು ಗಟ್ಟಿಯಾಗಿದೆಯೇ. ಎಲೆ ಉದುರುವುದು, ನೆರಳು, ದೋಣಿ ಕಟ್ಟಿಕೊಳ್ಳುವುದು ಇವು ಸಾಮಾನ್ಯವಾಗಿ ಗಟ್ಟಿ ಕಾರಣಗಳೆನಿಸುವುದಿಲ್ಲ. ಕೊಂಬೆ ಬೀಳುವ ಭಯ ಗಟ್ಟಿ ಕಾರಣವೇ, ಆದರೆ ಮರ ರೋಗಗ್ರಸ್ತವಾಗಿದೆ ಅಥವಾ ಮುರಿಯಬಹುದು ಎನ್ನುವವರು ತಜ್ಞರ ಲಿಖಿತ ಅಭಿಪ್ರಾಯವನ್ನು ಲಗತ್ತಿಸಬೇಕೆಂದು ಅರ್ಜಿಯ ನಮೂನೆಯಲ್ಲೇ ಇದೆ. ನೀವು ಆ ಅಣಬೆಯ ಫೋಟೋವನ್ನಾಗಲಿ ಮುರಿದ ಕೊಂಬೆಯ ಚಿತ್ರವನ್ನಾಗಲಿ ಲಗತ್ತಿಸಿಲ್ಲವೆಂದು ನಿಮ್ಮ ಬರಹದಿಂದ ಊಹಿಸುತ್ತೇನೆ. ಅರ್ಜಿಯಲ್ಲಿ ಇರಬೇಕಾಗಿದ್ದ ಅತ್ಯಂತ ಮುಖ್ಯವಾದ ವಿಷಯ ಕೌನ್ಸಿಲ್‌ನ ಕಣ್ಣಿಗೆ ಬಿದ್ದೇ ಇಲ್ಲ.

ಇನ್ನು ಶೇಕಡಾ 30ರ ವಿಷಯ. ಶೇಕಡಾ 30 ಎಂದರೆ ಎತ್ತರದಲ್ಲೋ, ಅಗಲದಲ್ಲೋ, ಎಲೆಯ ಒಟ್ಟು ಹರವಿನಲ್ಲೋ ಎಂಬುದು ಓದುವವರಿಗೆ ತಿಳಿಯುವುದಿಲ್ಲ, ಗರಗಸ ಹಿಡಿದು ಮೇಲೆ ಹತ್ತಿದವನಿಗೂ ತಿಳಿಯುವುದಿಲ್ಲ. ಇಲ್ಲಿ ಮರ ಕೆಲಸಕ್ಕೆ ಆಧಾರವಾಗಿರುವ ಮಾನದಂಡ ಬಿಎಸ್ (ಬ್ರಿಟಿಷ್ ಸ್ಟ್ಯಾಂಡರ್ಡ್) 3998, ಅದರ 2010ರ ಆವೃತ್ತಿ. ಅದಕ್ಕೆ ಒಪ್ಪುವಂತೆ ಬರೆಯುವುದೆಂದರೆ ಯಾವ ದಿಕ್ಕಿನ ಯಾವ ಕೊಂಬೆ, ಎಷ್ಟು ಮೀಟರ್ ತಗ್ಗಿಸುವುದು, ಕೆಲಸ ಮುಗಿದಾಗ ಮರ ಎಷ್ಟು ಎತ್ತರ, ಎಷ್ಟು ಅಗಲ ಉಳಿದಿರುತ್ತದೆ ಎಂದು ಬರೆಯುವುದು.

ಸಿಲ್ವರ್ ಓಕ್‌ನ ಹೋಲಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದು ಆಸ್ಟ್ರೇಲಿಯಾ ಮೂಲದ ಗ್ರೆವಿಲಿಯಾ. ಹೆಸರಿನಲ್ಲಿ ಓಕ್ ಇದ್ದರೂ ಈ ಮರದ ಕುಲಕ್ಕೆ ಸೇರಿದ್ದಲ್ಲ. ವಯಸ್ಸಾದ ಇಂಗ್ಲಿಷ್ ಓಕ್‌ನ ಮೂರನೆಯ ಒಂದು ಭಾಗವನ್ನು ಒಮ್ಮೆಲೇ ತೆಗೆದರೆ ಅದು ಆಹಾರ ಮಾಡಿಕೊಳ್ಳುವ ಎಲೆಯ ಮೂರನೆಯ ಒಂದು ಭಾಗವೂ ಹೋಗುತ್ತದೆ. ದೊಡ್ಡ ಗಾಯಗಳಿಂದ ಕೊಳೆ ಒಳಹೋಗುತ್ತದೆ, ಮತ್ತು ಗಾಯದ ಸುತ್ತ ಪೊರಕೆಯಂತೆ ಒತ್ತಾಗಿ ಏಳುವ ಹೊಸ ಚಿಗುರುಗಳು ಹಳೆಯ ಕೊಂಬೆಯಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಕೊಂಬೆಯೊಂದು ಕಾಂಡವನ್ನು ಸೇರುವ ಜಾಗವನ್ನು ಹತ್ತಿರದಿಂದ ನೋಡಿ: ಬಳೆಯಂತೆ ಒಂದು ಉಬ್ಬು, ಅದರ ಮೇಲ್ಬದಿಯಲ್ಲಿ ತೊಗಟೆ ಸುಕ್ಕುಗಟ್ಟಿದ ಒಂದು ಗೆರೆ ಕಾಣುತ್ತದೆ. ಕೊಯ್ತ ಆ ಉಬ್ಬಿನ ಹೊರಗೆ ಬಿದ್ದರೆ ಮರ ಸುತ್ತಲಿನಿಂದ ಹೊಸ ಅಂಗಾಂಶ ಬೆಳೆಸಿ ಗಾಯವನ್ನು ಮುಚ್ಚುತ್ತದೆ. ಉಬ್ಬನ್ನೇ ಸವರಿ ಕಾಂಡಕ್ಕೆ ಸಮವಾಗಿ ಕೊಯ್ದರೆ ಹತ್ತು ವರ್ಷ ಕಳೆದರೂ ಮುಚ್ಚದೆ ಒಳಗೊಳಗೇ ಟೊಳ್ಳಾಗುತ್ತದೆ. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೊಳೆತ ಭಾಗವನ್ನು ಮರ ಒಳಗೇ ಗೋಡೆ ಕಟ್ಟಿ ಬೇರ್ಪಡಿಸುತ್ತದೆ, ಅಷ್ಟೇ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ಇದನ್ನು ತೋರಿಸಿಕೊಟ್ಟ ಮೇಲೆಯೇ ನಮ್ಮ ವೃತ್ತಿಯಲ್ಲಿ ಕೊಯ್ಯುವ ರೀತಿ ಬದಲಾದದ್ದು.

ನಿಮ್ಮ ವರ್ಣನೆಯಿಂದ ಬುಡದ ಅಣಬೆ ಬೀಫ್‌ಸ್ಟೀಕ್ ಎಂದು ಕರೆಯುವ ಜಾತಿಯದಿರಬಹುದು. ಹಳೆಯ ಓಕ್‌ಗಳಲ್ಲಿ ಅದು ಸಾಮಾನ್ಯ, ಮತ್ತು ನಡುಮರವನ್ನು ಬಹಳ ನಿಧಾನವಾಗಿ ಕೆಡಿಸುತ್ತದೆ. ಅದಿದ್ದೂ ದಶಕಗಟ್ಟಲೆ ಗಟ್ಟಿಯಾಗಿ ನಿಂತ ಮರಗಳಿವೆ. ಆದರೆ ಮೇಲಿನ ಕೊಂಬೆಯ ಕೊಳೆಗೂ ಅದೇ ಕಾರಣವೆಂದು ಮರ ಹತ್ತಿ ನೋಡದೆ ಹೇಳಲು ಬಾರದು. ಆ ಭಾಗದ ನೋಂದಾಯಿತ ಆರ್ಬೊರಿಕಲ್ಚರಿಸ್ಟ್ (ಮರಗಳ ಆರೈಕೆಯ ತಜ್ಞ) ಒಬ್ಬರನ್ನು ಕರೆಸಿ. ಕೆಲಸ ಮಾಡುವ ಗುತ್ತಿಗೆದಾರರಿಂದಲೇ ವರದಿ ಬರೆಸಬೇಡಿ, ಏಕೆಂದರೆ ಕತ್ತರಿಸಿದರೆ ಸಂಬಳ ಬರುವವರು ಕತ್ತರಿಸಿ ಎಂದು ಬರೆದದ್ದಕ್ಕೆ ತೂಕ ಕಡಿಮೆ.

ಒಣಗಿದ ಕೊಂಬೆಗಳಿದ್ದರೆ ಅವನ್ನು ಇಂದೇ ತೆಗೆಸಬಹುದು. ಜೀವಂತ ಮರದ ಸತ್ತ ಕೊಂಬೆ ತೆಗೆಯಲು ಅನುಮತಿ ಬೇಕಿಲ್ಲ. ತಕ್ಷಣದ ಗಂಭೀರ ಅಪಾಯವನ್ನು ತಪ್ಪಿಸಲು ತುರ್ತಾಗಿ ಬೇಕಾದ ಕೆಲಸಕ್ಕೂ ವಿನಾಯಿತಿ ಇದೆ, ಆದರೆ ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ, ಮತ್ತು ಆದಷ್ಟು ಬೇಗ ಕೌನ್ಸಿಲ್‌ಗೆ ಲಿಖಿತವಾಗಿ ತಿಳಿಸಬೇಕು. ಮೊದಲು ಮತ್ತು ನಂತರದ ಫೋಟೋಗಳನ್ನು ಇಟ್ಟುಕೊಳ್ಳಿ. ಈ ವಿನಾಯಿತಿಯನ್ನು ಹಿಗ್ಗಿಸಲು ಹೋಗಬೇಡಿ. 2025ರ ಏಪ್ರಿಲ್‌ನಲ್ಲಿ ಉತ್ತರ ಲಂಡನ್ನಿನ ಎನ್‌ಫೀಲ್ಡ್‌ನ ವೈಟ್‌ವೆಬ್ಸ್ ಪಾರ್ಕಿನಲ್ಲಿ ಸುಮಾರು ಐನೂರು ವರ್ಷ ಹಳೆಯದೆಂದು ಅಂದಾಜಿಸಿದ ಓಕ್ ಒಂದನ್ನು, ಅದು ಸಾಯುತ್ತಿದೆ, ಅಪಾಯಕಾರಿ ಎಂಬ ಸಲಹೆಯ ಮೇಲೆ ಬೋಳಿಸಿಬಿಟ್ಟರು. ಮರ ಜೀವಂತವಾಗಿ ಚಿಗುರುತ್ತಿತ್ತೆಂದು ಹೇಳಿದ ಕೌನ್ಸಿಲ್ ಅದರ ಮೇಲೆ ಟಿಪಿಒ ಹೊರಡಿಸಿದ್ದು ಆಮೇಲೆ. ಆ ಚಿತ್ರಗಳನ್ನು ನೋಡಿದ ದಿನ ನನಗೆ ಕೆಲಸಕ್ಕೆ ಹೋಗಲು ಮನಸ್ಸಾಗಲಿಲ್ಲ.

ನೆರೆಯವರ ಮಾತು ಅರ್ಧ ಸತ್ಯ. ಗಡಿ ದಾಟಿದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸುವ ಹಕ್ಕು ಸಾಮಾನ್ಯ ಮರಗಳ ವಿಷಯದಲ್ಲಿದೆ, ಆದರೆ ಟಿಪಿಒ ಇರುವ ಮರಕ್ಕೆ ಅವರೂ ಅನುಮತಿ ಕೇಳಬೇಕು. ಕಾನೂನು ಗುರುತಿಸುವ ಮಟ್ಟದ ಉಪದ್ರವವನ್ನು ತಡೆಯಲು ಒಂದು ವಿನಾಯಿತಿ ಇದೆಯಾದರೂ, ಮರ ಕಡಿಯದೆ ಬೇರೆ ಪರಿಹಾರವಿತ್ತೇ ಎಂಬುದನ್ನೂ ನೋಡಬಹುದೆಂದು 2007ರಲ್ಲಿ ನಾರ್ಥಾಂಪ್ಟನ್ನಿನ ಓಕ್ ಮರವೊಂದರ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಅನುಮತಿಯಿಲ್ಲದೆ ಮರವನ್ನು ನಾಶಮಾಡಿದರೆ ದಂಡಕ್ಕೆ ಮೇಲ್ಮಿತಿಯೇ ಇಲ್ಲ. ನಾಶವಾಗದಂಥ ಕತ್ತರಿಕೆಗೂ 2,500 ಪೌಂಡ್‌ವರೆಗೆ ದಂಡವಿದೆ. ಪೂಲ್ ಪಟ್ಟಣದಲ್ಲಿ ದಂಡದ ಮೇಲೆ, ಮರ ಕತ್ತರಿಸಿದ್ದರಿಂದ ಮನೆಯ ಬೆಲೆ ಏರಿದ್ದನ್ನೂ ಅಪರಾಧದ ಗಳಿಕೆಯೆಂದು ಪರಿಗಣಿಸಿ ವಸೂಲು ಮಾಡಿದ್ದಾರೆ. ನೆರೆಯವರಿಗೆ ಇದನ್ನು ಮೆಲ್ಲನೆ ತಿಳಿಸಿ.

ಉತ್ತರ: ಲೆಸ್ಟರ್‌ನಿಂದ ಒಬ್ಬಳು

ಮೇಲಿನವರು ಬರೆದದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ, ಏಕೆಂದರೆ ನಾನು ಮೇಲ್ಮನವಿ ಹೋಗಿ ಸೋತವಳು. ನಮ್ಮದು ಮನೆಯ ಮುಂದಿನ ಲೈಮ್ ಮರ (ನಿಂಬೆಯಲ್ಲ, ಇಲ್ಲಿನ ಒಂದು ದೊಡ್ಡ ನೆರಳುಮರ). ಬೇಸಿಗೆಯಿಡೀ ಅದರಿಂದ ಅಂಟು ಸುರಿದು ಕಾರು, ಕಿಟಕಿ, ಬಾಗಿಲ ಹಿಡಿ ಎಲ್ಲ ಜಿಗುಟಾಗುತ್ತಿತ್ತು. ಕೌನ್ಸಿಲ್ ನಿರಾಕರಿಸಿದಾಗ ನನಗೂ ನಿಮ್ಮಂತೆಯೇ ಸಿಟ್ಟು ಬಂದು, ಹದಿನೈದು ದಿನಗಳೊಳಗೆ, ಇಂಥ ಮೇಲ್ಮನವಿಗಳನ್ನು ತೀರ್ಮಾನಿಸುವ ಸರ್ಕಾರಿ ಸಂಸ್ಥೆಯಾದ ಪ್ಲ್ಯಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಮೇಲ್ಮನವಿ ಸಲ್ಲಿಸಿದೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಸಾಮಾನ್ಯವಾಗಿ ಅನುಸರಿಸುವ ಫಾಸ್ಟ್ ಟ್ರ್ಯಾಕ್ ಕ್ರಮದಲ್ಲಿ, ಮೊದಲ ಅರ್ಜಿಯೊಂದಿಗೆ ಏನು ಕೊಟ್ಟಿದ್ದಿರೋ ಅದರ ಮೇಲೆಯೇ ತೀರ್ಮಾನವಾಗುತ್ತದೆಂಬುದು ನನಗೆ ತಡವಾಗಿ ಅರ್ಥವಾಯಿತು. ನಂತರ ನಾನು ಹಣ ಕೊಟ್ಟು ಮಾಡಿಸಿದ ವರದಿಯನ್ನು ಅವರು ಪರಿಗಣಿಸಲಿಲ್ಲ.

ಇನ್‌ಸ್ಪೆಕ್ಟರ್ ಬಂದ ದಿನ ನಾನು ಟೀ ಮಾಡಿಟ್ಟು ಕಾದಿದ್ದೆ. ಅವರು ನಮ್ಮ ಅಂಗಳದಲ್ಲಿ ಐದು ನಿಮಿಷ ನಿಂತವರು, ರಸ್ತೆಯ ಆಚೆ ಬದಿಗೆ ಹೋಗಿ, ಮೂಲೆಯ ಬಸ್ ನಿಲ್ದಾಣದ ತನಕ ನಡೆದು, ಅಲ್ಲಲ್ಲಿ ನಿಂತು ಮರವನ್ನೇ ನೋಡಿದರು. ಆಗ ನನಗೆ ಹೊಳೆಯಿತು: ನಾನು ದಿನವೂ ಕಿಟಕಿಯಿಂದ ನೋಡುವ ಮರ ಒಂದು, ಬಸ್ಸಿಗೆ ಕಾಯುವವರು ನೋಡುವ ಮರ ಇನ್ನೊಂದು, ಮತ್ತು ಆದೇಶ ಕಾಯುತ್ತಿರುವುದು ಎರಡನೆಯದನ್ನು. ಅವರ ತೀರ್ಮಾನ ನನಗೆ ಹಿಡಿಸಲಿಲ್ಲ, ಆದರೆ ಕೌನ್ಸಿಲ್‌ನ ಎರಡು ವಾಕ್ಯಗಳಿಗಿಂತ ಅದು ಎಷ್ಟೋ ಗೌರವದಿಂದ ಬರೆದದ್ದಾಗಿತ್ತು. ನನ್ನ ಪ್ರತಿಯೊಂದು ದೂರಿಗೂ ಅದರಲ್ಲಿ ಉತ್ತರವಿತ್ತು.

ಆದ್ದರಿಂದ ನನ್ನ ಸಲಹೆ: ಈಗಿರುವ ಅರ್ಜಿಯ ಮೇಲೆ ಮೇಲ್ಮನವಿ ಹೋಗಬೇಡಿ. ವರದಿ ಮಾಡಿಸಿ ಹೊಸ ಅರ್ಜಿ ಹಾಕಿ. ಅದಕ್ಕೂ ಶುಲ್ಕವಿಲ್ಲ, ಎಷ್ಟು ಬಾರಿ ಬೇಕಾದರೂ ಹಾಕಬಹುದು. ಅದಕ್ಕೂ ಎಂಟು ವಾರದೊಳಗೆ ಉತ್ತರ ಬಾರದಿದ್ದರೆ, ಉತ್ತರ ಬಾರದ ಕಾರಣಕ್ಕೇ ಮೇಲ್ಮನವಿ ಹೋಗಬಹುದು. ಮೌನವನ್ನು ಮಾತ್ರ ಒಪ್ಪಿಗೆ ಎಂದು ತಿಳಿಯಬೇಡಿ.

ಹೊಣೆಯ ಬಗ್ಗೆ ಕೇಳಿದ್ದೀರಿ. ಟಿಪಿಒ ಇದ್ದರೂ ಮರ ನಿಮ್ಮದೇ, ಅದನ್ನು ನೋಡಿಕೊಳ್ಳುವ ಹೊಣೆಯೂ ನಿಮ್ಮದೇ. ಅನುಮತಿ ನಿರಾಕರಣೆಯಿಂದಲೇ ನಷ್ಟವಾದರೆ 12 ತಿಂಗಳೊಳಗೆ ಕೌನ್ಸಿಲ್‌ನಿಂದ ಪರಿಹಾರ ಕೇಳಲು ಅವಕಾಶವಿದೆ, ಆದರೆ ನಷ್ಟ 500 ಪೌಂಡ್‌ಗಿಂತ ಕಡಿಮೆಯಿದ್ದರೆ ಇಲ್ಲ, ಮತ್ತು ತೀರ್ಮಾನದ ಹೊತ್ತಿಗೆ ಆ ನಷ್ಟವನ್ನು ನಿರೀಕ್ಷಿಸಬಹುದಿತ್ತು ಎಂಬುದಕ್ಕೆ ದಾಖಲೆ ಬೇಕು. ಅಲ್ಲಿಯೂ ಉಪಯೋಗಕ್ಕೆ ಬರುವುದು ಅರ್ಜಿಯೊಂದಿಗೆ ಕೊಟ್ಟ ವರದಿಯೇ.

ಉತ್ತರ: ಮೂಡಿಗೆರೆ ಬೆಳೆಗಾರ

ಇಂಗ್ಲೆಂಡಿನ ಕಾನೂನು ನನಗೆ ತಿಳಿಯದು. ಆದರೆ ಮರಗಸಿಯ ಮಾತು ಬಂದುದರಿಂದ ಬರೆಯಬೇಕೆನಿಸಿತು. ಊರಿನಲ್ಲಿ ಸಿಲ್ವರ್ ಓಕ್ ಸವರಲು ಯಾರನ್ನೂ ಕೇಳುತ್ತಿರಲಿಲ್ಲ ಎಂಬ ನಿಮ್ಮ ನೆನಪು ಸರಿಯೇ, ಆದರೆ ಅದಕ್ಕೆ ಕಾರಣ ನಮ್ಮಲ್ಲಿ ಕಾನೂನೇ ಇಲ್ಲದಿರುವುದಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಬೇಕು. ಸಿಲ್ವರ್ ಓಕ್, ತೆಂಗು, ನೀಲಗಿರಿಯಂಥ ಕೆಲವು ಜಾತಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ, ಅಷ್ಟೇ. ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಒಡ್ಡುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದೂ ಆ ಕಾನೂನಿನಲ್ಲಿದೆ, ಆದರೆ ಅಪಾಯವಿದೆಯೇ ಎಂಬುದನ್ನು ಅಧಿಕಾರಿ ಬಂದು ನೋಡಿಯೇ ತೀರ್ಮಾನಿಸಬೇಕು.

ನಿಮ್ಮ ತಂದೆಯವರ ಕಾಲದ ಮರಗಸಿಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ತೋಟದಲ್ಲಿ ಹಲಸು, ಅತ್ತಿ, ನಂದಿಯಂಥ ಕಾಡುಮರಗಳನ್ನು ಸಿಲ್ವರ್ ಓಕ್‌ನಂತೆ ಸವರುತ್ತಿರಲಿಲ್ಲ. ಅನುಭವಸ್ಥ ಆಳು ಮೊದಲು ಕೆಳಗೆ ನಿಂತು, ಗಿಡಗಳ ಮೇಲೆ ಬಿಸಿಲು ಎಲ್ಲಿ ಬೀಳುತ್ತಿದೆ, ಎಲ್ಲಿ ಕಪ್ಪು ನೆರಳಿದೆ ಎಂದು ನೋಡಿ, ತೆಗೆಯಬೇಕಾದ ಕೊಂಬೆಯನ್ನು ಕೈತೋರಿಸಿ ಯಜಮಾನರಿಗೆ ಹೇಳಿ, ಒಪ್ಪಿಗೆ ಸಿಕ್ಕಮೇಲೆಯೇ ಏಣಿ ಒರಗಿಸುತ್ತಿದ್ದ. ದೊಡ್ಡ ಕೊಂಬೆಗೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕೊಯ್ಯುತ್ತಿದ್ದ, ಇಲ್ಲವಾದರೆ ಬೀಳುವಾಗ ಅದು ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಶೇಕಡಾ ಇಷ್ಟು ತೆಗಿ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಲ್ಲಿನ ಅಧಿಕಾರಿಗಳು ಕೇಳುತ್ತಿರುವುದೂ ಇದನ್ನೇ ಎಂದು ನನಗೆ ತೋರುತ್ತದೆ: ಯಾವ ಕೊಂಬೆ, ಏಕೆ.

ಮರುಬರಹ: ಕೊಪ್ಪದ ಕಡೆಯವನು

ಮೂವರಿಗೂ ಮನಃಪೂರ್ವಕ ವಂದನೆಗಳು. ಬೆಳೆಗಾರರ ಬರಹವನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಪ್ಪ ಹಾಗೆಯೇ ಮಾಡಿಸುತ್ತಿದ್ದರು ಎಂದರು.

ಮೇಲ್ಮನವಿಯ ಯೋಚನೆ ಬಿಟ್ಟಿದ್ದೇನೆ. ಕಳೆದ ಶನಿವಾರ ಸ್ವತಂತ್ರ ಆರ್ಬೊರಿಕಲ್ಚರಿಸ್ಟ್ ಒಬ್ಬರು ಬಂದು ಎರಡು ಗಂಟೆ ಮರವನ್ನು ಪರೀಕ್ಷಿಸಿದರು. ಸಣ್ಣ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟುತ್ತಾ ಹೋದಾಗ ಒಂದು ಬದಿಯಲ್ಲಿ ಸದ್ದು ಮದ್ದಳೆಯ ಸದ್ದಿನಂತೆ ಬದಲಾದದ್ದು ನನಗೂ ಕೇಳಿಸಿತು. ಆದರೂ ಬುಡ ಗಟ್ಟಿಯಾಗಿದೆ, ಹೊರಗಿನ ಸುತ್ತು ದಪ್ಪವಿದೆ ಎಂದರು. ಅವರನ್ನು ಚಿಂತೆಗೀಡು ಮಾಡಿದ್ದು ಆಟದ ಜಾಗದ ಮೇಲಿರುವ ಆ ಒಂದು ಕೊಂಬೆ ಮಾತ್ರ. ಕಾಂಡದಿಂದ ಎರಡು ಮೀಟರ್ ದೂರದಲ್ಲಿ ಅದರ ಮೇಲ್ಬದಿಯಲ್ಲಿ ಹಳೆಯ ಗಾಯವೊಂದು ತೆರೆದುಕೊಂಡು, ಒಳಗೆ ನಾನು ಶೆಡ್ಡಿನ ಮೇಲೆ ಕಂಡ ಅದೇ ಕಂದು ಪುಡಿ ತುಂಬಿದೆ. ಉಳಿದ ಮರವನ್ನು ಮುಟ್ಟಲು ಕಾರಣವೇ ಇಲ್ಲವೆಂದು ಹೇಳಿದರು. ಅಡುಗೆಮನೆಯ ಬೆಳಕಿನ ಮಾತನ್ನು ನಾನೇ ಹೊಸ ಅರ್ಜಿಯಿಂದ ಕೈಬಿಟ್ಟಿದ್ದೇನೆ. ಮಗಳ ಆಟದ ಸಾಮಾನುಗಳನ್ನು ಸದ್ಯಕ್ಕೆ ಮನೆಯ ಇನ್ನೊಂದು ಬದಿಗೆ ಸಾಗಿಸಿದ್ದೇವೆ.

ಹೊಸ ಅರ್ಜಿಯಲ್ಲಿ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: "ಮನೆಯ ಕಡೆಗಿರುವ ದೊಡ್ಡ ಕೊಂಬೆಯನ್ನು ಮೂರು ಮೀಟರ್ ಕಡಿಮೆ ಮಾಡುವುದು. ಕಾರಣ: ಕೊಂಬೆಯ ಮೇಲ್ಬದಿಯ ಕೊಳೆತ. ವರದಿ ಮತ್ತು ಫೋಟೋ ಲಗತ್ತಿಸಿದೆ."

ಉತ್ತರ: ಹಗ್ಗ ಮತ್ತು ಗರಗಸ

ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಎರಡು ತಿದ್ದುಪಡಿಗಳಿವೆ. "ಮನೆಯ ಕಡೆಗಿರುವ" ಎಂದು ಬರೆದರೆ ಕಚೇರಿಯಲ್ಲಿ ಕುಳಿತವರಿಗೆ ಮನೆ ಎಲ್ಲಿದೆಯೆಂದು ತಿಳಿಯುವುದಿಲ್ಲ. ದಿಕ್ಕನ್ನೂ, ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿ ಕೊಂಬೆ ಕವಲೊಡೆದಿದೆ ಎಂಬುದನ್ನೂ ಬರೆಯಿರಿ, ಮತ್ತು ಫೋಟೋದ ಮೇಲೆ ಆ ಕೊಂಬೆಗೆ ಕೆಂಪು ಗೆರೆ ಎಳೆದು ಕೊಯ್ಯಬೇಕಾದ ಜಾಗವನ್ನು ಗುರುತಿಸಿ. ಮೂರು ಮೀಟರ್ ಎಂಬುದರ ಜೊತೆಗೆ, ಕೊಯ್ದ ಮೇಲೆ ಕಾಂಡದಿಂದ ಎಷ್ಟು ಉದ್ದ ಉಳಿಯುತ್ತದೆ ಮತ್ತು ತುದಿಯಲ್ಲಿ ಯಾವ ಪಕ್ಕದ ಟೊಂಗೆಯ ಬಳಿ ನಿಲ್ಲಿಸುತ್ತೀರಿ ಎಂಬುದನ್ನೂ ಸೇರಿಸಿ. ನೇತಾಡುವ ಮೋಟು ಉಳಿಯಬಾರದು.

ಕೆಲಸವನ್ನು ಹಕ್ಕಿಗಳು ಗೂಡು ಕಟ್ಟುವ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಅವಧಿಯನ್ನು ಬಿಟ್ಟು ಮಾಡಿಸುವುದಾಗಿ ಬರೆಯಿರಿ. ಆ ಹಳೆಯ ಗಾಯದ ಪೊಳ್ಳಿನಲ್ಲಿ ಬಾವಲಿಗಳು ಇವೆಯೇ ಎಂದು ವರದಿ ಬರೆದವರನ್ನು ಈಗಲೇ ಕೇಳಿ, ಏಕೆಂದರೆ ಅವುಗಳ ತಾಣಕ್ಕೆ ಬೇರೆಯೇ ಕಾನೂನಿನ ರಕ್ಷಣೆಯಿದೆ ಮತ್ತು ಕೌನ್ಸಿಲ್‌ನ ಅನುಮತಿ ಅದಕ್ಕೆ ಅನ್ವಯಿಸುವುದಿಲ್ಲ. ಅರ್ಜಿ ಕಳುಹಿಸಿದ ದಿನವೇ ಕೌನ್ಸಿಲ್‌ನಲ್ಲಿ ಮರಗಳ ವಿಷಯ ನೋಡಿಕೊಳ್ಳುವ ಟ್ರೀ ಆಫೀಸರ್‌ಗೆ ಪ್ರತ್ಯೇಕವಾಗಿ ಬರೆದು, ಅವರು ಬರುವ ದಿನ ಏಣಿಯೊಂದಿಗೆ ನೀವು ಮನೆಯಲ್ಲಿರುವುದಾಗಿ ತಿಳಿಸಿ. ಆ ಗಾಯ ಕೊಂಬೆಯ ಮೇಲ್ಬದಿಯಲ್ಲಿರುವುದರಿಂದ ನೆಲದಲ್ಲಿ ನಿಂತವರಿಗೆ ಅದು ಕಾಣಿಸುವುದಿಲ್ಲ.